ಅವ್ವನ ಹೆಸರಿನ ಚಿಪ್ಪು ಹೊತ್ತು ವಿಯೆನ್ನಾಕ್ಕೆ

ಧಾರವಾಡ

ವಿಯೆನ್ನಾಕ್ಕೆ ಹೋದವರು ಅರಮನೆ ನೋಡುತ್ತಾರೆ, ಸಂಗೀತ ಕೇಳುತ್ತಾರೆ, ಕೇಕು ತಿಂದು ಫೋಟೋ ಹಾಕುತ್ತಾರೆ. ನಾವು ಅಕ್ಕ-ತಂಗಿ ಹೋದದ್ದು ಗಸಗಸೆ ಕಾಳಿಗಿಂತ ಸಣ್ಣದಾದ ಒಂದು ಚಿಪ್ಪನ್ನು ಮಗುಚಿ ನೋಡುವುದಕ್ಕೆ. ಕೇಳಿದವರೆಲ್ಲ ನಕ್ಕರು. ನನ್ನ ಗಂಡ ಮಾತ್ರ ನಗಲಿಲ್ಲ. ನಾವು ತಿರುಗಿ ಬರುವವರೆಗೆ ಹುಬ್ಬಳ್ಳಿಯ ಮನೆಗೆ ಬೀಗ ಹಾಕಿ, ಧಾರವಾಡದಲ್ಲಿ ತಮ್ಮ ಅತ್ತೆಯ, ಅಂದರೆ ನಮ್ಮ ಅವ್ವನ, ಜೊತೆ ಇರುವ ಪಾಳಿ ಅವರದಾಗಿತ್ತು.

ಅಕ್ಕ ಸುಧಾ ಧಾರವಾಡದ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುತ್ತಾಳೆ. ಮದುವೆ ಆಗಲಿಲ್ಲ, ಅವ್ವನ ಜೊತೆಗೇ ಇದ್ದಾಳೆ. ನಾನು ವಿಮಲಾ, ಹುಬ್ಬಳ್ಳಿ ಸ್ಟೇಷನ್ನಿನ ರಿಸರ್ವೇಶನ್ ಕಿಟಕಿಯ ಹಿಂದೆ ಕುಳಿತು ಮಂದಿಯ ಹೆಸರು, ವಯಸ್ಸು, ಗಂಡೋ ಹೆಣ್ಣೋ ಎಂದು ಟೈಪು ಮಾಡಿ ಮಾಡಿ, ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡವಳು. ಊರಿಗೆಲ್ಲ ಟಿಕೆಟು ಹರಿದುಕೊಟ್ಟವಳು ತಾನು ಮಾತ್ರ ತಿರುಪತಿಯ ಆಚೆ ಕಾಲಿಟ್ಟಿರಲಿಲ್ಲ. ಅಕ್ಕ ಒಬ್ಬಳೇ ಹೊರಟಿದ್ದಳು. ನಾನೇ ಬೆನ್ನು ಹತ್ತಿದೆ. ಯಾಕೆ ಎಂಬುದನ್ನು ಹೇಳಬೇಕಾದರೆ ಅಕ್ಕನ ಕಸುಬನ್ನು ಸ್ವಲ್ಪ ಹೇಳಲೇಬೇಕು.

ಸಮುದ್ರದ ತಳದ ಕೆಸರಿನಲ್ಲಿ ಫೊರಾಮಿನಿಫೆರಾ ಎಂಬ ಜೀವಿಗಳಿವೆ. ಮೈ ಎಂದರೆ ಒಂದೇ ಒಂದು ಜೀವಕೋಶ, ಕಣ್ಣಿಲ್ಲ, ಬಾಯಿಲ್ಲ, ಒಂದು ತೊಟ್ಟು ಲೋಳೆ. ಆದರೂ ಅದಕ್ಕೆ ಮನೆ ಬೇಕು. ಸುತ್ತಲೂ ಸುಣ್ಣದ ಒಂದು ಕೋಣೆ ಕಟ್ಟಿಕೊಳ್ಳುತ್ತದೆ. ಮೈ ಬೆಳೆಯಿತೆಂದರೆ ಮಗ್ಗುಲಿಗೆ ಅದಕ್ಕಿಂತ ದೊಡ್ಡದು ಇನ್ನೊಂದು ಕೋಣೆ. ಹೀಗೆ ಸುರುಳಿಯಾಗಿ ಕಟ್ಟುತ್ತಾ ಹೋಗುತ್ತದೆ. ಇವುಗಳಲ್ಲಿ ಒಂದು ಮನೆತನದ ಅಡ್ಡಹೆಸರು ಅಮೋನಿಯಾ. ಮೂಗಿಗೆ ಬಡಿಯುವ ಆ ಅಮೋನಿಯಾ ಅಲ್ಲ. ಟಗರಿನ ಕೊಂಬಿನಂತೆ ಸುತ್ತಿಕೊಂಡಿರುವುದರಿಂದ, ಟಗರಿನ ಕೊಂಬಿದ್ದ ಯಾವುದೋ ಹಳೆಯ ದೇವರ ಹೆಸರಿನಿಂದ ಇಟ್ಟದ್ದಂತೆ. ಅಡ್ಡಹೆಸರಿನ ಜೊತೆ ಒಂದೊಂದಕ್ಕೂ ತನ್ನದೇ ಹೆಸರು ಇರುತ್ತದೆ. ಅಕ್ಕ ವಿದ್ಯಾರ್ಥಿನಿಯಾಗಿದ್ದಾಗ ಕಾರವಾರದ ಕೆಸರಿನಲ್ಲಿ ಅಲ್ಲಿಯವರೆಗೆ ಯಾರೂ ಹೆಸರಿಡದ ಒಂದು ಅಮೋನಿಯಾ ಕಂಡಳು. ಅದಕ್ಕೆ ‘ಅಮೋನಿಯಾ ತುಂಗೇ’ ಎಂದು ಹೆಸರಿಟ್ಟಳು. ತುಂಗಾಳದು ಎಂದು ಅರ್ಥ.

ತುಂಗಾ ನಮ್ಮ ಅವ್ವ. ಅಂದರೆ ಮದುವೆಯ ಮುಂಚಿನ ಅವ್ವ. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರಡಿ, ಉಂಗುರದಿಂದ ಅದರಲ್ಲಿ ಹೊಸ ಹೆಸರು ಬರೆದು, ನೀನು ಇನ್ನು ಮುಂದೆ ಲಕ್ಷ್ಮೀಬಾಯಿ ಎಂದರು. ಅವಳ ಅತ್ತೆಯ ಹೆಸರೂ ತುಂಗಾ ಆಗಿತ್ತು. ಗಂಡನಾದವನು ತನ್ನನ್ನು ಹಡೆದವಳ ಹೆಸರಿನಿಂದ ಹೆಂಡತಿಯನ್ನು ಕರೆಯುವುದು ಹೇಗೆ? ತವರಿನವರೂ ಮೆಲ್ಲಗೆ ಹೊಸ ಹೆಸರನ್ನೇ ರೂಢಿ ಮಾಡಿಕೊಂಡರು. ಹಳೆಯದರಲ್ಲಿ ಕರೆಯುತ್ತಿದ್ದವರು ನಮ್ಮ ಸೋದರಮಾವ ಒಬ್ಬರೇ, ಅವರೂ ತೀರಿಕೊಂಡರು. ಅಕ್ಕನ ಚಿಪ್ಪಿನ ಹೆಸರು ಅಚ್ಚಾಗಿ ಬಂದ ದಿನ ಅವ್ವ ಆ ಹಾಳೆಯನ್ನು ದೇವರ ಜಗಲಿಯ ಮೇಲಿಟ್ಟು ಅರಿಷಿಣ-ಕುಂಕುಮ ಏರಿಸಿದಳು. ಇವತ್ತಿಗೂ ಮನೆಗೆ ಬಂದವರಿಗೆ ಹೇಳುತ್ತಾಳೆ, “ಸಮುದ್ರದಾಗ ನಾ ಅದೀನಿ.” ಸಮುದ್ರವನ್ನು ಅವಳು ನೋಡಿಯೇ ಇಲ್ಲ.

ಈಗ ಗಂಡಾಂತರ ಏನೆಂದರೆ, ಹೆಸರಿಡುವುದಕ್ಕೆ ಈ ಶಾಸ್ತ್ರದಲ್ಲಿ ಕಟ್ಟುನಿಟ್ಟಾದ ನಿಯಮಗಳಿವೆ. ಒಂದೇ ಜೀವಿಗೆ ಇಬ್ಬರು ಬೇರೆ ಬೇರೆ ಹೆಸರು ಇಟ್ಟಿದ್ದರೆ, ಮೊದಲು ಇಟ್ಟದ್ದೇ ನಿಲ್ಲುತ್ತದೆ, ಆಮೇಲಿನದು ಬೀಳುತ್ತದೆ. ನಿವೃತ್ತಿಗೆ ಮುಂಚೆ ನಮ್ಮ ಕರಾವಳಿಯ ಅಮೋನಿಯಾ ಮನೆತನದಲ್ಲಿ ಯಾರು ಖರೇ ಯಾರು ಸುಳ್ಳು ಎಂದು ವಿಂಗಡಿಸಿ ಬರೆಯುವ ಕೆಲಸ ಅಕ್ಕನಿಗೆ ಬಂದಿತ್ತು. ಬಹಳ ಹಿಂದೆ ಯಾವುದೋ ಹಡಗಿನವರು ನಮ್ಮ ಕಡೆಯ ಸಮುದ್ರದ ಕೆಸರು ಎತ್ತಿಕೊಂಡು ಹೋಗಿದ್ದರು. ಅದರಲ್ಲಿ ಸಿಕ್ಕ ಚಿಪ್ಪೊಂದು ‘ಒಟಿಲಿಯೇ’, ಅಂದರೆ ಒಟಿಲಿಯಾಳದು, ಎಂಬ ಹೆಸರಿನಿಂದ ವಿಯೆನ್ನಾದಲ್ಲಿ ಕುಳಿತಿದೆ. ಹಳೆಯ ಪುಸ್ತಕದಲ್ಲಿ ಅದರ ಮೇಲ್ಮೈಯ ಚಿತ್ರ ಮಾತ್ರ ಇದೆ. ಮೇಲಿನಿಂದ ನೋಡಿದರೆ ಅಮೋನಿಯಾಗಳೆಲ್ಲ ಹೆಚ್ಚೂಕಡಿಮೆ ಒಂದೇ ತರಹ. ತುಂಗೆಯನ್ನು ತುಂಗೆ ಮಾಡುವುದು ಅವಳ ಕೆಳಮೈಯಲ್ಲಿರುವ ಮಣಿಗಳ ಸಾಲು. ಒಟಿಲಿಯೆಯ ಕೆಳಮೈಯನ್ನು ಯಾರೂ ಮಗುಚಿ ನೋಡಿಲ್ಲ.

“ಯಾರೂ ನೋಡಿಲ್ಲಂದ್ರ ನಿಂಗ್ಯಾಕ ಬೇಕು?” ಎಂದೆ ನಾನು. “ಬ್ಯಾರೆ ಅಂತ ಬರದು ಬಿಡು. ಅವ್ವನ ಹೆಸರು ಉಳೀತೈತಿ.”

“ಮೊದಲಿನ ಹೆಸರು ಯಾರೂ ಕಸಗೋಬಾರದು ಅಂತ ಹೇಳೂ ಶಾಸ್ತ್ರ ಅಂತ ನಾ ಇದಕ್ಕ ಬಿದ್ದಾಕಿ, ವಿಮ್ಮಿ. ಈಗ ನಾನ ಕಸಗೊಳ್ಳಲೇನು?” ಎಂದಳು ಅಕ್ಕ.

ಆವತ್ತೇ ನಾನು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆ. ಉತ್ತರ ಏನೇ ಬರಲಿ, ಅದನ್ನು ಅಕ್ಕ ಒಬ್ಬಳೇ ಪರದೇಶದಲ್ಲಿ ಕುಳಿತು ನುಂಗುವುದು ಬೇಡ ಅನ್ನಿಸಿತು. ಅವ್ವನಿಗೆ, ನಿನ್ನ ಚಿಪ್ಪಿನಂಥದೇ ಇನ್ನೊಂದು ಚಿಪ್ಪು ನೋಡಲು ಹೋಗುತ್ತೇವೆ ಎಂದಷ್ಟೇ ಹೇಳಿದೆವು. ಅವ್ವ ಖುಷಿಯಾದಳು. “ನನ್ನ ಚಿಪ್ಪಿನ ಬೀಗರ ಮನಿಗೆ ಹೊಂಟೀರೇನು? ಬರಿಗೈಲೆ ಹೋಗಬ್ಯಾಡ್ರಿ,” ಎಂದು ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು.

ಮುಂಬೈ

ತುಂಗೆ ಒಂದು ಸಣ್ಣ ಪೆಟ್ಟಿಗೆಯಲ್ಲಿ, ಹತ್ತಿಯ ನಡುವೆ, ಅಕ್ಕನ ಕೈಚೀಲದಲ್ಲಿದ್ದಳು. ಪೆಟ್ಟಿಗೆಯ ಮೇಲೆ ಅಕ್ಕ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ‘ಅಮೋನಿಯಾ’ ಎಂದು ಬರೆದಿದ್ದಳು. ಧಾರವಾಡದಲ್ಲಿ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ವಿಮಾನ ನಿಲ್ದಾಣದ ತಪಾಸಣೆಯವನು ಅದನ್ನು ಓದಿ ಎರಡು ಹೆಜ್ಜೆ ಹಿಂದೆ ಸರಿದ. ಇನ್ನಿಬ್ಬರು ಓಡಿ ಬಂದರು. ಅಕ್ಕನಿಗೆ ಇಂಥಾ ಹೊತ್ತಿನಲ್ಲಿ ಚುಟುಕಾಗಿ ಮಾತಾಡಲು ಬರುವುದಿಲ್ಲ. ಏಕಕೋಶ ಜೀವಿಗಳ ವಿಕಾಸದಿಂದ ಪಾಠ ಶುರು ಮಾಡಿದಳು. ಹಿಂದಿನ ಸಾಲು ಬೆಳೆಯಿತು. ನಾನು ನಡುವೆ ಬಾಯಿ ಹಾಕಿ ನನ್ನ ರೈಲ್ವೆ ಹಿಂದಿಯಲ್ಲಿ, “ಮರಳು ಸಾಹೇಬರೇ, ಬರೀ ಮರಳು,” ಎಂದೆ. ಮರಳನ್ನು ಪರದೇಶಕ್ಕೆ ಯಾಕೆ ಒಯ್ಯುತ್ತೀರಿ ಎಂದು ಅವನಿಗೆ ಇನ್ನೂ ಸಂಶಯ ಬಂತು.

ಕೊನೆಗೆ ಅಕ್ಕ ಮಾತು ಬಿಟ್ಟು, ಭೂತಗನ್ನಡಿ ತೆಗೆದು ಅವನ ಕೈಗೆ ಕೊಟ್ಟಳು. ಅವನು ಬಗ್ಗಿ ನೋಡಿದ. ಬಹಳ ಹೊತ್ತು ಬಗ್ಗಿಯೇ ಇದ್ದ. “ಶಂಖ!” ಎಂದ. ಉಳಿದ ಇಬ್ಬರೂ ನೋಡಿದರು. ಇದರಲ್ಲಿ ಜೀವ ಇತ್ತೇ, ಅದು ತಾನೇ ಕಟ್ಟಿದ್ದೇ ಎಂದು ಕೇಳಿದರು. ಪೆಟ್ಟಿಗೆಯನ್ನು ದೇವರ ಪ್ರಸಾದ ಕೊಟ್ಟಂತೆ ಎರಡೂ ಕೈಯಲ್ಲಿ ಹಿಡಿದು ತಿರುಗಿ ಕೊಟ್ಟರು. ನನ್ನ ಬ್ಯಾಗಿನಲ್ಲಿದ್ದ ಉಪ್ಪಿನಕಾಯಿ ಬಾಟಲಿಯನ್ನು ಮಾತ್ರ ತೆಗೆದಿಟ್ಟುಕೊಂಡರು.

ವಿಯೆನ್ನಾ

ಈ ಊರಿನಲ್ಲಿ ಜನ ಗದ್ದಲ ಮಾಡುವುದಿಲ್ಲ. ಟ್ರಾಮಿನಲ್ಲಿ ಕುಳಿತವರು ಒಬ್ಬರ ಮುಖ ಒಬ್ಬರು ನೋಡದೆ, ಪರೀಕ್ಷೆಗೆ ಹೊರಟವರಂತೆ ಕೂತಿರುತ್ತಾರೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಹೋದರೆ ನವಲೂರು ಬರುವಷ್ಟರಲ್ಲಿ ಮಗ್ಗುಲಿನವರ ಮಗಳ ಮದುವೆ ಎಲ್ಲಿಗೆ ಬಂತು ಎಂಬುದು ನಮಗೆ ಗೊತ್ತಾಗಿರುತ್ತದೆ. ಮೊದಲ ದಿನವೇ ಟ್ರಾಮಿನಲ್ಲಿ ಅವ್ವನ ಫೋನು ಬಂತು. ನಾನು ಕಿವಿಗೆ ಹಿಡಿಯುವ ಬದಲು ಸ್ಪೀಕರಿನ ಗುಂಡಿ ಒತ್ತಿಬಿಟ್ಟೆ.

“ವಿಮಲೀ, ನಿನ್ನ ಗಂಡಗ ಚಹಾ ಮಾಡಾಕ ಬರೂದಿಲ್ಲ. ಇಷ್ಟು ವರ್ಷ ಏನ ಕಲಿಸೀದಿ?” ಎಂದು ಅವ್ವ ಇಡೀ ಡಬ್ಬಿಗೆ ಕೇಳುವಂತೆ ಬೈದಳು. ಎಲ್ಲರೂ ತಿರುಗಿ ನೋಡಿದರು. ಒಬ್ಬ ಮುದುಕ ಮಾತ್ರ ಮೀಸೆಯಲ್ಲೇ ನಕ್ಕ. ಅವನಿಗೂ ಅತ್ತೆ ಇದ್ದಿರಬೇಕು.

ಇನ್ನೊಂದು ವಿಚಿತ್ರ ಇವರ ಕೆಂಪು ದೀಪ. ಅತ್ತ ಗಾಡಿ ಇಲ್ಲ, ಇತ್ತ ಗಾಡಿ ಇಲ್ಲ, ರಸ್ತೆ ತೊಳೆದಿಟ್ಟ ತಾಟಿನಂತೆ ಖಾಲಿ. ಆದರೂ ಜನ ದೀಪ ಹಸಿರಾಗುವವರೆಗೆ ನಿಂತೇ ಇರುತ್ತಾರೆ. ನಾನು ಸೀರೆಯ ನಿರಿಗೆ ಎತ್ತಿಕೊಂಡು ನಮ್ಮೂರ ಕೋರ್ಟ್ ಸರ್ಕಲ್ಲಿನಲ್ಲಿ ದಾಟಿದಂತೆ ದಾಟಿದೆ. ಆಚೆ ದಡದಲ್ಲಿ ಒಬ್ಬ ಅಜ್ಜಿ ಬೆರಳು ಅಲ್ಲಾಡಿಸಿ ಬೈದಳು. ತಿರುಗಿ ನೋಡಿದರೆ ಅಕ್ಕ ಈಚೆ ದಡದಲ್ಲೇ, ಆ ಊರಿನವರ ನಡುವೆ, ಕೆಂಪು ದೀಪ ನೋಡುತ್ತಾ ನಿಂತಿದ್ದಾಳೆ. ನನ್ನ ಅಕ್ಕ ಹುಟ್ಟಬೇಕಾದ ಊರು ಇದೇ ಅನ್ನಿಸಿತು.

ಮ್ಯೂಸಿಯಂ

ಅಲ್ಲಿನ ಹಳೆಯ ಮ್ಯೂಸಿಯಂ ಒಂದರ ಮೇಲಿನ ಮಹಡಿಯಲ್ಲಿ, ಮರದ ಕಪಾಟುಗಳ ನಡುವೆ, ಚಿಪ್ಪುಗಳನ್ನು ಕಾಯುವ ಗ್ರೇಟಾ ಎಂಬ ಹೆಂಗಸು ನಮಗಾಗಿ ಕಾದಿದ್ದಳು. ನಮ್ಮ ವಯಸ್ಸಿನವಳೇ. ಬೆಳ್ಳಿ ಕೂದಲು, ಒಳಗೂ ಕೊರಳಿಗೆ ಉಣ್ಣೆಯ ಶಾಲು. ಅಕ್ಕನೂ ಅವಳೂ ಇಪ್ಪತ್ತು ವರ್ಷದ ನೆಂಟರಂತೆ ಇಂಗ್ಲಿಷಿನಲ್ಲಿ ಮಾತಿಗಿಳಿದರು. ಕಪಾಟಿನಿಂದ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ರಟ್ಟಿನ ತುಂಡೊಂದು ಬಂತು. ನಡುವೆ ಹಣೆಯ ಟಿಕಳಿಯಷ್ಟು ಕಪ್ಪು ಕುಳಿ, ಕುಳಿಯಲ್ಲಿ ಒಂದು ಬಿಳಿ ಚುಕ್ಕೆ. ಅದೇ ಒಟಿಲಿಯೆ. ಇದನ್ನು ನೋಡಲು ಇಷ್ಟು ದೂರ ಬಂದೆವೇ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಅಕ್ಕ ಮಾತ್ರ ಚಪ್ಪಲಿ ಬಿಟ್ಟು ಕುರ್ಚಿಗೆ ಕುಳಿತಳು.

ಚಿಪ್ಪು ಹಳೆಯ ಕಾಲದ ಗೋಂದಿನಿಂದ ಅಂಟಿಕೊಂಡಿತ್ತು. ತೇವ ಮಾಡಿದರೆ ಬಿಡುತ್ತದೆ, ಆದರೆ ಒಡೆದರೂ ಒಡೆಯಬಹುದು, ಜಗತ್ತಿನಲ್ಲಿ ಈ ಹೆಸರಿಗೆ ಆಧಾರ ಇದೊಂದೇ, ಮೇಲಿನವರ ಒಪ್ಪಿಗೆ ಬೇಕು, ಸೋಮವಾರದವರೆಗೆ ತಡೆಯಿರಿ ಎಂದಳು ಗ್ರೇಟಾ. ಅಲ್ಲಿಯವರೆಗೆ ಬೇರೆ ಅಮೋನಿಯಾಗಳನ್ನು ನೋಡೋಣ ಎಂದು ಒಂದು ತಟ್ಟೆ ಮರಳು ಹರಡಿದಳು. ಮೂರೇ ಮೂರು ಕೂದಲಿನ ಬ್ರಷ್ಷು ತೆಗೆದುಕೊಂಡು, ಅದರ ತುದಿಯನ್ನು ನಾಲಿಗೆಗೆ ಹಚ್ಚಿ ಚೂಪು ಮಾಡಿ, ಒಂದು ಚಿಪ್ಪನ್ನು ಎತ್ತಿಟ್ಟಳು. ಮತ್ತೆ ನಾಲಿಗೆ, ಮತ್ತೊಂದು ಚಿಪ್ಪು. ನಾನು ಅಯ್ಯೋ ಎಂದು ಅಕ್ಕನ ಕಡೆ ನೋಡಿದರೆ ಅಕ್ಕನೂ ಬ್ರಷ್ಷು ನೆಕ್ಕುತ್ತಿದ್ದಾಳೆ!

ನಮ್ಮದು ತಂಬಿಗೆಯನ್ನು ತುಟಿಗೆ ತಾಗಿಸದೆ ಎತ್ತಿ ನೀರು ಕುಡಿಯುವ ಮನೆ. ಅವ್ವ ಎಂಜಲಿನ ವಿಷಯದಲ್ಲಿ ಯಾರನ್ನೂ ಬಿಟ್ಟವಳಲ್ಲ.

“ಅಕ್ಕಾ, ಎಂಜಲ ಆತಲ್ಲ!”

“ಬರೀ ನೀರಿಗೆ ಈ ಹದ ಬರೂದಿಲ್ಲ. ಅವ್ವನ ಮುಂದ ಹೇಳಬ್ಯಾಡ.”

“ಎಂದಿನಿಂದ ನಡದೈತಿ ಇದು?”

“ಎಂ.ಎಸ್ಸಿ.ಯಿಂದ.”

ಅಂದರೆ ಅವ್ವನ ಹೆಸರಿನ ಚಿಪ್ಪನ್ನೂ ಎಂಜಲಿನಿಂದಲೇ ಎತ್ತಿದ್ದಾಳೆ. ನನಗೆ ನಗು ತಡೆಯಲಿಲ್ಲ. ಗ್ರೇಟಾಳಿಗೆ ಎಂಜಲು ಎಂದರೇನೆಂದು ತಿಳಿಸಿ ಹೇಳುವಷ್ಟರಲ್ಲಿ ನನ್ನ ಇಂಗ್ಲಿಷು ಮುಗಿಯಿತು. ಅವಳು ಯೋಚಿಸಿ, ಹಾಗಾದರೆ ನಿಮ್ಮಲ್ಲಿ ತಾಯಂದಿರು ತಾವು ಕಚ್ಚಿದ್ದನ್ನು ಕೂಸಿಗೆ ಕೊಡುವುದಿಲ್ಲವೇ ಎಂದು ಕೇಳಿದಳು. ಕೊಡುತ್ತಾರೆ, ಕೂಸಿಗೆ ಎಂಜಲಿಲ್ಲ ಎಂದೆ. “ಹಾಗಿದ್ದರೆ ಸರಿ, ಇವೂ ಕೂಸುಗಳೇ,” ಎಂದು ಅವಳು ಮತ್ತೆ ಬ್ರಷ್ಷು ನೆಕ್ಕಿದಳು. ಮಧ್ಯಾಹ್ನ ಅವಳಿಗೆ ಅವ್ವನ ಕಟಕ ರೊಟ್ಟಿ ಕೊಟ್ಟೆ. ಮೊದಲು ಅದನ್ನು ಕಾಗದದ ತಟ್ಟೆ ಎಂದು ತಿಳಿದು, ಮೇಲೆ ತನ್ನ ಊಟ ಬಡಿಸಿಕೊಂಡಳು. ತಟ್ಟೆಯನ್ನೂ ತಿನ್ನಬಹುದು ಎಂದು ತಿಳಿದ ಮೇಲೆ ಇನ್ನೊಂದು ಕೇಳಿ ಇಸಕೊಂಡಳು.

ಕಾಲುವೆಯ ದಂಡೆ

ರವಿವಾರ ಅಲ್ಲಿ ಅಂಗಡಿ ಕೂಡ ತೆರೆಯುವುದಿಲ್ಲ. ಊರಿಗೆ ಊರೇ ಮಡಿಯುಟ್ಟು ಕುಳಿತಂತಿರುತ್ತದೆ. ಡ್ಯಾನ್ಯೂಬ್ ನದಿಯ ಕಾಲುವೆಯೊಂದು ಊರಿನ ನಡುವೆ ಹರಿಯುತ್ತದೆ, ಅದರ ದಂಡೆಯ ಬೆಂಚಿನ ಮೇಲೆ ಕುಳಿತೆವು. ತಣ್ಣನೆಯ ಗಾಳಿ. ಅಕ್ಕ ಪೆಟ್ಟಿಗೆಯನ್ನು ಶಾಲಿನ ಒಳಗೆ ಇಟ್ಟುಕೊಂಡಿದ್ದಳು.

“ನಾಳೆ ಮಗುಚಿ ನೋಡಿದಾಗ ಮಣಿ ಇದ್ದೂ ಅಂದ್ರ ಅವ್ವಗ ಏನ ಹೇಳೂದ ವಿಮ್ಮಿ?” ಎಂದಳು.

“ಹೇಳೂದ ಬ್ಯಾಡ. ನೀ ಬರಿಯೂ ಪುಸ್ತಕ ಅವ್ವ ಏನ ಓದತಾಳೇನು? ಎಂಬತ್ತು ದಾಟಿದಾಕಿ, ಸಮುದ್ರದಾಗ ಅದೀನಿ ಅಂತ ಇರಲಿ ಬಿಡು ಪಾಪ.”

ಅಕ್ಕ ನೀರು ನೋಡುತ್ತಾ ಕುಳಿತಳು. ಆಮೇಲೆ, “ಅಕ್ಕಿ ಮ್ಯಾಲ ಹೆಸರು ಬರಿಯೂಮುಂದ ಯಾರೂ ಆಕಿನ್ನ ಒಂದು ಮಾತು ಕೇಳಲಿಲ್ಲ. ಈಗ ನಾವೂ ಆಕಿಗೆ ಗೊತ್ತಾಗಧಂಗ ತಗದು ಹಾಕೂದೇನು?” ಎಂದಳು.

ನಾನು ಅವಳ ಕೈ ಹಿಡಿದುಕೊಂಡೆ. ಚಿಕ್ಕಂದಿನಲ್ಲಿ ಸಾಲಿಗೆ ಹೋಗುವಾಗ ಅವಳು ನನ್ನ ಕೈ ಹಿಡಿಯುತ್ತಿದ್ದಳು. ದೊಡ್ಡವರಾದ ಮೇಲೆ ನಾವು ಕೈ ಹಿಡಿದದ್ದೇ ನೆನಪಿಲ್ಲ. ಅವಳು ಮದುವೆ ಬೇಡವೆಂದಾಗ, ಅವ್ವನನ್ನು ತಾನೇ ನೋಡಿಕೊಳ್ಳುತ್ತೇನೆ ಎಂದಾಗ, ಅವಳಿಗೆ ಏನು ಬೇಕು ಎಂದು ನಾನು ಕೇಳಿದವಳೂ ಅಲ್ಲ. ಅವಳು ಅವ್ವನಿಗೆ ಕೊಡಬೇಕೆಂದದ್ದು ಇದೊಂದನ್ನೇ, ಒಂದು ಹೆಸರು. ನಮ್ಮ ದೇವರಿಗೆ, ಆ ಚಿಪ್ಪಿಗೆ ಮಣಿ ಇಲ್ಲದಿರಲಪ್ಪಾ ಎಂದು ಅಲ್ಲಿಂದಲೇ ಕೈ ಮುಗಿದೆ.

ಮಗುಚಿದ ದಿನ

ಒಪ್ಪಿಗೆ ಸಿಕ್ಕಿತು. ಗ್ರೇಟಾ ಬ್ರಷ್ಷಿನ ತುದಿ ಒದ್ದೆ ಮಾಡಿ ಚಿಪ್ಪಿನ ಬುಡಕ್ಕೆ ಮುಟ್ಟಿಸಿ, ಗೋಂದು ಕರಗಲಿ ಎಂದು ಕಾದಳು. ಮತ್ತೆ ಮುಟ್ಟಿಸಿದಳು. ನಾವು ಮೂವರೂ ಉಸಿರು ಬಿಗಿಹಿಡಿದಿದ್ದೆವು. ಜೋರಾಗಿ ಉಸಿರು ಬಿಟ್ಟರೆ ಒಟಿಲಿಯೆ ಹಾರಿಹೋಗಿ ನೆಲದ ಹಲಗೆಯ ಸಂದಿಯಲ್ಲಿ ಬಿದ್ದರೆ ಮುಗಿಯಿತು. ಚಿಪ್ಪು ಅಲುಗಿತು. ಗ್ರೇಟಾ ಎದ್ದು ನಿಂತು, ಉಳಿದದ್ದು ನೀವೇ ಮಾಡಬೇಕು ಎಂದು ಅಕ್ಕನಿಗೆ ಜಾಗ ಬಿಟ್ಟಳು.

ಅಕ್ಕ ಬ್ರಷ್ಷನ್ನು ತುಟಿಯ ಹತ್ತಿರ ಒಯ್ದು ನನ್ನನ್ನು ನೋಡಿದಳು. “ಹಚ್ಚು, ಹಚ್ಚು, ಕೂಸಿಗೆ ಎಂಜಲಿಲ್ಲ,” ಎಂದೆ. ಅವಳು ನಾಲಿಗೆಗೆ ಹಚ್ಚಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಮಲಗಿದ ಕೂಸಿನ ಮಗ್ಗುಲು ಹೊರಳಿಸಿದಂತೆ ಅದನ್ನು ಹೊರಳಿಸಿದಳು. ಅಷ್ಟು ಹೊತ್ತು ಅವಳು ಕಣ್ಣು ತೆಗೆಯದೆ ಇದ್ದದ್ದರಿಂದಲೇ ನನಗೆ ಉತ್ತರ ಗೊತ್ತಾಯಿತು.

“ನೋಡು,” ಎಂದು ಎದ್ದಳು.

ನಾನು ನೋಡಿದೆ. ಬರಿಗಣ್ಣಿಗೆ ಚುಕ್ಕೆಯಾಗಿದ್ದದ್ದು ಅಲ್ಲಿ ದೊಡ್ಡ ಸುರುಳಿಯಾಗಿ ಹೊಳೆಯುತ್ತಿತ್ತು. ನಡುವೆ ಹೊಕ್ಕುಳಿನಂತೆ ಒಂದು ಗುಂಡು. ಅದರ ಸುತ್ತ, ಕೋಣೆಯಿಂದ ಕೋಣೆಗೆ, ಸಂದಿ ಸಂದಿಯಲ್ಲೂ ಮಣಿಗಳ ಸಾಲು. ಅಕ್ಕ ಪಕ್ಕದಲ್ಲಿ ತುಂಗೆಯನ್ನಿಟ್ಟಳು. ಅದೇ ಗುಂಡು, ಅದೇ ಮಣಿ. ಹಳೆಯ ಚಿತ್ರಕಾರ ಮೇಲ್ಮೈಯನ್ನಷ್ಟೇ ಬರೆದು ಕೈ ತೊಳೆದುಕೊಂಡಿದ್ದ. ನಾನು ಟಿಕೆಟು ಹರಿದವಳು, ನನಗೂ ಕಂಡಿತು. ಆದರೂ ಬಾಯಿ ಸುಮ್ಮನಿರಲಿಲ್ಲ. “ಇದರಾಗ ಮಣಿ ಸ್ವಲ್ಪ ದಪ್ಪ ಅದಾವಲ್ಲ ಅಕ್ಕಾ?”

“ವಯಸ್ಸಾದದ್ದಕ್ಕ ದಪ್ಪ ಇರ್ತಾವು ವಿಮ್ಮಿ. ಕಾರವಾರದಾಗೂ ಅಂಥಾವು ಅದಾವು.” ಅವಳ ದನಿ ಪಾಠ ಹೇಳುವಾಗ ಇರುವಂತೆಯೇ ಇತ್ತು. ಕಣ್ಣು ಮಾತ್ರ ತುಂಬಿತ್ತು. ಗ್ರೇಟಾಳಿಗೆ ಇಂಗ್ಲಿಷಿನಲ್ಲಿ, ಎರಡೂ ಒಂದೇ, ನಿಮ್ಮದು ಹಿರಿಯದು, ನನ್ನ ಹೆಸರು ಬೀಳುತ್ತದೆ ಎಂದಳು.

ಗ್ರೇಟಾ, ಬಿದ್ದ ಹೆಸರೂ ಅಳಿಸಿಹೋಗುವುದಿಲ್ಲ, ಹಿರಿಯ ಹೆಸರಿನ ಕೆಳಗೆ ಯಾವಾಗಲೂ ಉಲ್ಲೇಖ ಇರುತ್ತದೆ ಎಂದು ಸಮಾಧಾನ ಹೇಳಿದಳು. ಅಂದರೆ ಎಂದೂ ಕನ್ಫರ್ಮ್ ಆಗದ ವೇಟಿಂಗ್ ಲಿಸ್ಟು ಅಂದುಕೊಂಡೆ ನಾನು. ನನಗೆ ಆ ಹಿರಿಯಳ ಮೇಲೆ ಸಿಟ್ಟು ಬಂದಿತ್ತು. ಈ ಒಟಿಲಿಯಾ ಯಾರು ಎಂದು ಕೇಳಿದೆ. ಗ್ರೇಟಾ ಭುಜ ಕುಣಿಸಿದಳು. ಹೆಸರಿಟ್ಟವನ ಹೆಂಡತಿಯೋ, ಮಗಳೋ, ಬಾಡಿಗೆ ಮನೆಯ ಒಡತಿಯೋ, ಯಾರಿಗೂ ಗೊತ್ತಿಲ್ಲವಂತೆ.

ಮೆಟ್ಟಿಲು

ಹೊರಗೆ ಬಂದು ಮ್ಯೂಸಿಯಮ್ಮಿನ ಮೆಟ್ಟಿಲ ಮೇಲೆ ಕುಳಿತೆವು. ಅಲ್ಲಿ ಮಧ್ಯಾಹ್ನ, ಧಾರವಾಡದಲ್ಲಿ ದೀಪ ಹಚ್ಚುವ ಹೊತ್ತು. ಮನೆಗೆ ಹೋಗಿ ಎದುರಿಗೇ ಹೇಳೋಣ ಎಂದೆ. ಅಕ್ಕ ಕೇಳಲಿಲ್ಲ, ವಿಡಿಯೋ ಕಾಲ್ ಹಚ್ಚಿದಳು. ನನ್ನ ಗಂಡ ಫೋನು ಹಿಡಿದಿದ್ದರು. ಅವ್ವ ಎಂದಿನಂತೆ ಹತ್ತಿರ ಬಂದು ಕುಳಿತದ್ದರಿಂದ ಹಣೆ ಮತ್ತು ಕುಂಕುಮ ಮಾತ್ರ ಕಾಣುತ್ತಿತ್ತು.

ಅಕ್ಕ ಏನನ್ನೂ ಮುಚ್ಚಿಡದೆ ಹೇಳಿದಳು. ಅವ್ವ ಎಲ್ಲ ಮುಗಿದ ಮೇಲೆ, “ಹಂಗಂದ್ರ ನಾ ಈಗ ಸಮುದ್ರದಾಗ ಇಲ್ಲೇನು?” ಎಂದು ಕೇಳಿದಳು.

ಅಕ್ಕ ಫೋನನ್ನು ನನ್ನ ಕಡೆ ತಿರುಗಿಸಿದಳು. ನಾನೇ, “ಚಿಪ್ಪು ಐತಿ ಅವ್ವಾ, ಹೆಸರು ಬ್ಯಾರೆಯವರದಾತು,” ಎಂದೆ.

“ಯಾರದು?”

“ಒಟಿಲಿಯಾ ಅಂತ. ಯಾರಂತ ಇಲ್ಲೆ ಯಾರಿಗೂ ಗೊತ್ತಿಲ್ಲ.”

“ಅಯ್ಯ ಪಾಪ, ಯಾರಿಗೂ ಗೊತ್ತಿಲ್ಲೇನು?” ಎಂದಳು ಅವ್ವ. “ಇರಲಿ ಬಿಡ್ರಿ. ಆಕಿದು ಮೊದಲು. ಆಕಿದ ಆಕಿಗೆ ಕೊಡ್ರಿ. ಸುಧಾ, ಅಳಬ್ಯಾಡ. ಅಳಾಕತ್ತೀಯೇನು?”

“ಇಲ್ಲವ್ವ,” ಎಂದಳು ಅಕ್ಕ, ಅಳುತ್ತಾ.

“ನೀ ಆ ಹೆಸರು ಬರದೀ, ಛಾಪಿಸೀದಿ, ಅಷ್ಟು ದೂರ ಹೊತಗೊಂಡು ಹೋದಿ. ಆದ್ರ ಒಮ್ಮೆರ ಕರದಿಲ್ಲ ನೋಡು. ಒಮ್ಮೆ ಕರಿ.”

ಹಡೆದವಳನ್ನು ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿಲ್ಲ. ಅಕ್ಕ ನನ್ನ ಮುಖ ನೋಡಿದಳು. ನಾನೂ ಅವಳ ಮುಖ ನೋಡಿದೆ. ಕೊನೆಗೆ ಅವಳು ಗಂಟಲು ಸರಿಪಡಿಸಿಕೊಂಡು, ಹಾಜರಿ ಕರೆದಂತೆ, “ತುಂಗಾ,” ಎಂದಳು.

“ಹಂಗಲ್ಲ. ಹಿತ್ತಲದಾಗ ಇದ್ದಾಕಿನ್ನ ಒಳಗಿಂದ ಕರದಂಗ ಕರಿ. ನಮ್ಮವ್ವ ಕರೀತಿದ್ಳು, ಹಂಗ.”

ಅಕ್ಕ ಎದ್ದು ನಿಂತಳು. ಕಣ್ಣು ಒರೆಸಿಕೊಂಡು, ಎದೆ ತುಂಬ ಉಸಿರು ತೆಗೆದುಕೊಂಡು, “ತುಂಗೀ... ಏ ತುಂಗೀ...” ಎಂದು ಕೂಗಿದಳು. ಮೆಟ್ಟಿಲ ಮೇಲಿದ್ದವರೆಲ್ಲ ತಿರುಗಿ ನೋಡಿದರು.

ಫೋನಿನಲ್ಲಿ ಅವ್ವನ ಹಣೆ ಪಕ್ಕಕ್ಕೆ ಸರಿಯಿತು, ಕುರ್ಚಿ ಕಿರುಗುಟ್ಟಿತು, ಧಾರವಾಡದ ಮನೆಯ ಬಿಳಿ ಗೋಡೆ ಮಾತ್ರ ಉಳಿಯಿತು. ಆ ಗೋಡೆಯ ಆಚೆಯಿಂದ, ನಾವಿಬ್ಬರೂ ಒಮ್ಮೆಯೂ ಕೇಳಿರದ ಒಂದು ಹುಡುಗಿಯ ದನಿ ಬಂತು.

“ಓ... ಬಂದೇ...”